ಮೀಸೆಯ ಬಟ್ಟಲು, ಕಾಲರಿನ ಕತ್ತರಿ

ಬಾಳೆಯೆಲೆಯ ಮುಂದೆ ಕುಳಿತವನ ಧೈರ್ಯ ಪರೀಕ್ಷೆಗೊಳಗಾಗುವುದು ಸಾರು ಬಡಿಸುವವನು ಬಂದಾಗ. ಅನ್ನದ ನಡುವೆ ಎಷ್ಟು ಎಚ್ಚರದಿಂದ ಗುಳಿ ತೋಡಿದರೂ, ಸಾರು ಒಡ್ಡನ್ನು ಒಡೆದು, ಎಲೆಯ ಅಂಚನ್ನು ದಾಟಿ, ಬಿಳಿಯ ಪಂಚೆಯತ್ತ ಹರಿಯದೆ ಬಿಡದು. ಪಕ್ಕದವರು ನೋಡಿಯೂ ನೋಡದಂತೆ ಹಪ್ಪಳ ಮುರಿಯುತ್ತಾರೆ; ಅದೇ ಹೆಚ್ಚಿನ ಶಿಕ್ಷೆ. ಮನುಷ್ಯನ ಗಾಂಭೀರ್ಯ ಒಂದು ಸೌಟು ಸಾರಿನಲ್ಲಿ ಕೊಚ್ಚಿಹೋಗುವಷ್ಟು ಹಗುರವಾದುದು.

ಈ ಸಂಕಟ ಒಂದೇ ನಾಡಿನದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೀಸೆಗೆ ಮೇಣ ಹಚ್ಚಿ ಹುರಿಗೊಳಿಸುವುದು ಗಂಡಸರ ಪ್ರತಿಷ್ಠೆಯಾಗಿತ್ತು. ಆದರೆ ಬಿಸಿ ಚಹಾದ ಹಬೆಗೆ ಪ್ರತಿಷ್ಠೆಯ ಪರಿಚಯವಿಲ್ಲ. ಮೇಣ ಕರಗಿ ಬಟ್ಟಲಿಗಿಳಿಯುತ್ತಿತ್ತು. ೧೮೬೦ರ ದಶಕದಲ್ಲಿ ಅವತರಿಸಿತು ಮೀಸೆಯ ಬಟ್ಟಲು. ಅಂಚಿನ ಒಳಗೊಂದು ಅಡ್ಡಪಟ್ಟಿ, ಅದರಲ್ಲೊಂದು ಕಂಡಿ. ಮೀಸೆ ಪಟ್ಟಿಯ ಮೇಲೆ ವಿಶ್ರಮಿಸುತ್ತಿದ್ದರೆ ಚಹಾ ಕಂಡಿಯಿಂದ ಬಾಯಿಗೆ ಸೇರುತ್ತಿತ್ತು. ಮೀಸೆಯ ಷೋಕಿ ತಗ್ಗಿದ ಮೇಲೆ ಬಟ್ಟಲು ಹಳೆಯ ವಸ್ತುಗಳ ಸಂಗ್ರಾಹಕರ ಕಪಾಟನ್ನು ಸೇರಿತು.

ಜಪಾನಿನ ಕೆಂಜಿ ಕವಾಕಾಮಿ ಎಂಬವರು ಇಂಥ ಉಪಾಯಗಳಿಗೊಂದು ಶಾಸ್ತ್ರವನ್ನೇ ರಚಿಸಿದರು. ಅದರ ಹೆಸರು ‘ಚಿಂದೋಗು’, ಎಂದರೆ ವಿಚಿತ್ರ ಸಲಕರಣೆ. ಬಿಸಿ ನೂಡಲ್ಸನ್ನು ಆರಿಸಲು ಊಟದ ಕಡ್ಡಿಗೇ ಒಂದು ಪುಟ್ಟ ಬೀಸಣಿಗೆ. ತಲೆಗೂದಲು ಬಟ್ಟಲಿಗೆ ಇಳಿಯದಂತೆ ಮುಖದ ಸುತ್ತ ಒಂದು ತಡೆ. ಮಳೆ ಬಂದರೆ ಬಿಚ್ಚಿಕೊಳ್ಳಲು ಟೈಯೊಳಗೇ ಒಂದು ಕೊಡೆ! ವಸ್ತು ನಿಜವಾಗಿ ತಯಾರಾಗಿರಬೇಕು, ಬಳಸಲು ಹೋದರೆ ಬಹುಮಟ್ಟಿಗೆ ನಿಷ್ಪ್ರಯೋಜಕವಾಗಿರಬೇಕು, ಮಾರಕೂಡದು, ಪೇಟೆಂಟನ್ನೂ ಪಡೆಯಕೂಡದು. ಇವು ಆ ಶಾಸ್ತ್ರದ ಕೆಲವು ವಿಧಿಗಳು. ೧೯೯೫ರಲ್ಲಿ ಇಂಗ್ಲಿಷಿಗೆ ಬಂದ ಅವರ ಪುಸ್ತಕದಲ್ಲಿ, ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳಲು ಕ್ಯಾಮೆರಾ ಸಿಕ್ಕಿಸಿದ ಒಂದು ಕೋಲೂ ಇತ್ತು. ಓದಿದವರು ನಕ್ಕರು. ಎರಡು ದಶಕ ಕಳೆಯುವಷ್ಟರಲ್ಲಿ ಜಗತ್ತೇ ಆ ಕೋಲನ್ನು ಹಿಡಿದು ನಿಂತಿತು. ನಗುವವರು ಕೊಂಚ ತಾಳುವುದು ಲೇಸು.

ಆದರೆ ಎಲ್ಲ ಉಪಾಯಗಳೂ ನಗೆಯಿಂದ ಹುಟ್ಟುವುದಿಲ್ಲ. ೧೮೨೭ರ ಸುಮಾರಿಗೆ ಅಮೆರಿಕದ ಟ್ರಾಯ್ ನಗರದ ಗೃಹಿಣಿ ಹನ್ನಾ ಮಾಂಟೆಗ್ಯೂ ಗಂಡನ ಅಂಗಿಗಳನ್ನು ಒಗೆದೊಗೆದು ಬೇಸತ್ತಳು. ಕೊಳೆ ಕಾಲರಿನಲ್ಲಿ, ಒಗೆತ ಮಾತ್ರ ಇಡೀ ಅಂಗಿಗೆ! ಕತ್ತರಿ ತೆಗೆದುಕೊಂಡು ಕಾಲರನ್ನೇ ಬೇರ್ಪಡಿಸಿ, ಒಗೆದು, ಮತ್ತೆ ಜೋಡಿಸಿದಳು. ಬಿಡಿ ಕಾಲರು ಮುಂದೆ ದೊಡ್ಡ ಉದ್ಯಮವಾಯಿತು. ಊರಿಗೆ ‘ಕಾಲರ್ ನಗರ’ವೆಂಬ ಬಿರುದೇ ಬಂತು. ಒಬ್ಬಳ ಮನೆಯಿಂದ ತೊಲಗಿದ ಒಗೆತ ಸಾವಿರಾರು ಕಾಲರುಗಳ ರಾಶಿಯಾಗಿ ಲಾಂಡ್ರಿಯ ಹೆಂಗಸರ ಮೇಲೆ ಬಿತ್ತು. ಕುದಿಯುವ ನೀರು, ಕಾದ ಇಸ್ತ್ರಿ, ಅಲ್ಪ ಕೂಲಿ. ೧೮೬೪ರಲ್ಲಿ ಕೇಟ್ ಮುಲ್ಲೇನಿ ಎಂಬ ತರುಣಿಯ ಮುಂದಾಳುತನದಲ್ಲಿ ಅವರು ಸಂಘ ಕಟ್ಟಿದರು, ಮುಷ್ಕರ ಹೂಡಿದರು, ಕೂಲಿಯನ್ನು ಹೆಚ್ಚಿಸಿಕೊಂಡರು.

ಕಲೆ ಬಿದ್ದದ್ದು ಒಬ್ಬರ ಬಟ್ಟೆಗೆ, ಸವೆದದ್ದು ಇನ್ನೊಬ್ಬರ ಕೈ. ಪಂಚೆಯ ಮೇಲೆ ಸಾರು ಚೆಲ್ಲಿಕೊಂಡವನ ನಾಚಿಕೆ ಮಜ್ಜಿಗೆ ಬರುವ ಹೊತ್ತಿಗೆ ಆರಿಹೋಗುತ್ತದೆ. ಅರಿಸಿನದ ಕಲೆಯಾದರೋ ಮರುದಿನದ ಒಗೆಯುವ ಕಲ್ಲಿನವರೆಗೂ ಉಳಿದಿರುತ್ತದೆ. ಹೊಸ ಸಲಕರಣೆಯೊಂದು ಬರುವವರೆಗೆ, ಉಂಡವನೇ ಆ ಪಂಚೆಯನ್ನು ಹಿಂಡಿ ಹರವುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಅದಕ್ಕೆ ಪೇಟೆಂಟೂ ಬೇಕಿಲ್ಲ.