ಅಪ್ಪನ ಎಡಗಾಲು ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸ್

ಭಾಗ 1/6

ಮೊದಲ ಫೋಟೊ ಝೂಮ್ ಮಾಡಿ ನೋಡ್ರಿ. ಮೂರು ಪೆಡಲ್ ಕಾಣ್ತಾವೆ. ಬಲಕ್ಕೆ ಆಕ್ಸಿಲರೇಟರ್, ನಡುವೆ ಬ್ರೇಕ್, ಎಡಕ್ಕೆ ಕ್ಲಚ್. ಬ್ರೇಕ್ ರಬ್ಬರಿನ ಮೇಲೆ ಗೆರೆ ಇನ್ನೂ ಇದಾವೆ. ಕ್ಲಚ್ ರಬ್ಬರ್ ಮಾತ್ರ ಸವೆದು ಒಳಗಿನ ಕಬ್ಬಿಣ ಹೊಳೀತಿದೆ. ಅದು ನಮ್ಮಪ್ಪನ ಎಡಗಾಲಿನ ಕೆಲಸ.

ಗಾಡಿ ನಮ್ಮದೇ. 2021ರಲ್ಲಿ ಸಾಲ ಮಾಡಿ ತಗೊಂಡ ಬಿಎಸ್6 ಡೀಸೆಲ್ ಪಿಕಪ್. ಮಾಗಳದಿಂದ ಮೆಕ್ಕೆಜೋಳ, ಉಳ್ಳಾಗಡ್ಡಿ, ಸೀಸನ್‌ನಲ್ಲಿ ಹಡಗಲಿ ಮಲ್ಲಿಗೆ, ಯಾವುದು ಸಿಕ್ಕರೆ ಅದು. ಹಡಗಲಿ, ಹರಪನಹಳ್ಳಿ, ದಾವಣಗೆರೆ, ಒಮ್ಮೊಮ್ಮೆ ಹೊಳೆ ದಾಟಿ ಗದಗ ಕಡೆ. ನನ್ನ ಬಿಕಾಂ ಫೀಸ್ ಕಟ್ಟಿದ್ದು ಇದೇ ಗಾಡಿ.

ಹೋದ ವರ್ಷ ಅಪ್ಪನ ಎಡ ಮೊಣಕಾಲು ಊದಿಕೊಳ್ಳೋಕೆ ಶುರುವಾಯ್ತು. ಡಾಕ್ಟರು ಎಕ್ಸ್‌ರೇ ನೋಡಿ, ಕೀಲಿನ ಮೆತ್ತೆ ಸವೆದಿದೆ ಅಂದ್ರು. ಮೆಟ್ಟಿಲು ಕಡಿಮೆ ಮಾಡಿ, ನೆಲದ ಮೇಲೆ ಕೂರಬೇಡಿ, ಕ್ಲಚ್ ಒತ್ತೋದು ಕಡಿಮೆ ಮಾಡಿ. ಅಪ್ಪ ಹೊರಗೆ ಬಂದು ನಕ್ಕ. "ಕ್ಲಚ್ ಒತ್ತಬ್ಯಾಡ ಅಂದ್ರ ಗಾಡಿ ಏನ್ ಎತ್ತಿನ ಬಂಡಿ ಏನಪಾ?"

ಒಂದು ದಿನ ದಾವಣಗೆರೆಗೆ ನಾನೂ ಜೊತೆಗೆ ಹೋದೆ. ಪಕ್ಕದ ಸೀಟಲ್ಲಿ ಕೂತು ಸುಮ್ನೆ ಎಣಿಸ್ತಾ ಹೋದೆ. ಹೋಗುವಾಗ ಮಾತ್ರ 318 ಸಲ ಕ್ಲಚ್. ಹಂಪ್, ಊರು, ಕುರಿ ಹಿಂಡು, ರಸ್ತೆ ಮೇಲೆ ಒಣ ಹಾಕಿದ ಜೋಳ, ಸಿಟಿ ಟ್ರಾಫಿಕ್. 200 ದಾಟಿದ ಮೇಲೆ ಅಪ್ಪ ಪ್ರತಿ ಸಲ ಒತ್ತುವಾಗ ಬಾಯಿ ಬಿಗಿ ಹಿಡೀತಿದ್ದ. ನಾನು ಎಣಿಸ್ತಿದ್ದೀನಿ ಅಂತ ಅವನಿಗೆ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಯೂಟ್ಯೂಬ್ ತೆಗೆದೆ. ಕ್ಲಚ್ಚೇ ಇಲ್ಲದ ಹಾಗೆ ಮಾಡಿಬಿಟ್ಟರೆ?

ಭಾಗ 2/6

ನಿಮಗೂ ಗೊತ್ತು, ಒಂದು ವಿಡಿಯೊ ನೋಡಿದ್ರೆ ನೂರು ವಿಡಿಯೊ ಬರ್ತಾವೆ. ನನಗೆ ಬಂದಿದ್ದೆಲ್ಲ ಅಮೆರಿಕದವು. ಅಲ್ಲಿ ಕಮ್ಮಿನ್ಸ್ ಡೀಸೆಲ್ ಎಂಜಿನ್ ಇರೋ ಡಾಡ್ಜ್ ರ‍್ಯಾಮ್ ಅನ್ನೋ ದೊಡ್ಡ ಪಿಕಪ್ ಇದಾವೆ. 2007ರ ನಡುವೆ ಎಂಜಿನ್ 5.9 ಲೀಟರ್‌ನಿಂದ 6.7 ಲೀಟರ್ ಆಯ್ತು. ಜೊತೆಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸೂ ಬದಲಾಯ್ತು. ಹಳೇದು 48ಆರ್‌ಇ, ನಾಲ್ಕು ಗೇರು. ಹೊಸದು 68ಆರ್‌ಎಫ್‌ಇ, ಆರು ಗೇರು, ಪೂರ್ತಿ ಕಂಪ್ಯೂಟರ್ ಹೇಳಿದ ಹಾಗೆ ಕೇಳೋದು.

ತಮಾಷೆ ಏನಂದ್ರೆ, ಎಂಜಿನ್ ಪವರ್ ಹೆಚ್ಚಿಸಿಕೊಂಡು ಭಾರ ಎಳೆಯೋ ಕೆಲವರು ಹೊಸ ಗಾಡಿಯಿಂದ ಆರು ಗೇರಿಂದು ಇಳಿಸಿ, ಹಳೇ ನಾಲ್ಕು ಗೇರಿಂದು ಕೂರಿಸ್ತಾರೆ. ಹಳೇದು ಸರಳ, ಗಟ್ಟಿ ಮಾಡಿಸೋಕೆ ಪಾರ್ಟ್ಸ್ ಧಾರಾಳ ಅನ್ನೋ ಲೆಕ್ಕ. ಬದಲಿಗೆ ಎರಡು ಗೇರ್ ಕಳ್ಕೋತಾರೆ. ಹೈವೇನಲ್ಲಿ ಅದೇ ಸ್ಪೀಡಿಗೆ ಎಂಜಿನ್ ಜಾಸ್ತಿ ಸುತ್ತುತ್ತೆ, ಡೀಸೆಲ್ ಜಾಸ್ತಿ ಕುಡಿಯುತ್ತೆ.

ನಾನು ಇದನ್ನೆಲ್ಲ ನೋಡಿ ಒಂದೇ ಪಾಠ ಕಲಿತೆ: ಹೊಸ ಡೀಸೆಲ್ ಪಿಕಪ್‌ಗೆ ಹಳೇ ಆಟೊಮ್ಯಾಟಿಕ್ ಹಾಕಬಹುದು! ಉಳಿದಿದ್ದೆಲ್ಲ ಕಿವಿಗೇ ಬೀಳಲಿಲ್ಲ. ಅವರ ಗಾಡಿಯಲ್ಲಿ ಮೊದಲಿಂದಲೂ ಆಟೊಮ್ಯಾಟಿಕ್ಕೇ ಇತ್ತು, ಎರಡು ಎಂಜಿನ್ನೂ ಒಂದೇ ಮನೆತನದವು, ಆದ್ರೂ ಅದನ್ನ ನಡೆಸೋಕೆ ಬೇರೆ ಕಂಟ್ರೋಲರ್ ಬೇಕು. ಇದೆಲ್ಲ ಅದೇ ವಿಡಿಯೊದಲ್ಲೇ ಇತ್ತು. ಬೇಕಾದ್ದು ಮಾತ್ರ ಕೇಳಿಸ್ಕೊಳ್ಳೋದು ನಮ್ಮ ವಯಸ್ಸಿನ ಕಾಯಿಲೆ ಅನ್ಸುತ್ತೆ.

ನಾಲ್ಕು ತಿಂಗಳು ಇದೇ ಹುಚ್ಚು. ಕಾಸ್ಟ್ ಅಕೌಂಟಿಂಗ್ ನೋಟ್ಸಿನ ಹಿಂದಿನ ಪುಟದಲ್ಲಿ ಗೇರ್‌ಬಾಕ್ಸ್ ಚಿತ್ರ. ಲಾಸ್ಟ್ ಬೆಂಚಲ್ಲಿ ನನ್ನ ಪಕ್ಕ ಕೂರೋರು ನೋಡಿರ್ತೀರಿ.

ಭಾಗ 3/6

ಈ ಫೋಟೊದಲ್ಲಿ ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟಿರೋದು ಯಾಕೆ ಅಂತ ಕೇಳಿದ್ರಲ್ಲ, ಹೇಳ್ತೀನಿ.

ಹಡಗಲಿಯಲ್ಲಿ ನಮ್ಮ ಗಾಡಿ ನೋಡೋ ಮೇಸ್ತ್ರಿ ಹತ್ರ ಹೋದೆ. ಅವರು ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. ಗ್ಯಾರೇಜಿನ ಎರಡು ಫ್ಯಾನ್ ತಂದು ಮುಖಾಮುಖಿ ಇಟ್ಟು ಒಂದನ್ನ ಮಾತ್ರ ಆನ್ ಮಾಡಿದ್ರು. ಆ ಗಾಳಿಗೆ ಎದುರಿನದೂ ಮೆಲ್ಲಗೆ ತಿರುಗೋಕೆ ಶುರು ಮಾಡ್ತು.

"ನೋಡ್ ತಮ್ಮಾ, ಆಟೊಮ್ಯಾಟಿಕ್ ಅಂದ್ರ ಇಷ್ಟ. ಗಾಳಿ ಬದಲು ಎಣ್ಣಿ. ಇದು ಎಂಜಿನ್, ಅದು ಗೇರ್‌ಬಾಕ್ಸ್. ನಡುವ ಕೈ ಹಿಡಿಯೋರು ಯಾರೂ ಇಲ್ಲ, ಅದಕ್ಕ ಕ್ಲಚ್ ಪೆಡಲ್ ಬೇಕಿಲ್ಲ."

ಇದಕ್ಕೆ ಟಾರ್ಕ್ ಕನ್ವರ್ಟರ್ ಅಂತಾರೆ. ಹರ್ಮನ್ ಫಟಿಂಗರ್ ಅನ್ನೋ ಜರ್ಮನ್ ಎಂಜಿನಿಯರ್ 1905ರಲ್ಲಿ ಪೇಟೆಂಟ್ ತಗೊಂಡ ಐಡಿಯಾ, ಮೊದಲು ಹಡಗುಗಳಿಗಾಗಿ. ಬೆಂಗಳೂರಿನ ಬಿಎಂಟಿಸಿ ವೋಲ್ವೊ ಬಸ್ಸಿನ ಡ್ರೈವರ್ ಎಡಗಾಲು ಆರಾಮಾಗಿ ಇಟ್ಕೊಂಡಿರೋದೂ ಇದರ ಪುಣ್ಯ.

ಆಮೇಲೆ ಮೇಸ್ತ್ರಿ ಬೆರಳು ಮಡಚಿದ್ರು.

ಒಂದು: ಗುಜರಿಯಲ್ಲಿ ಸಿಗೋ ಆಟೊಮ್ಯಾಟಿಕ್ ಬಹಳಷ್ಟು ಸಣ್ಣ ಪೆಟ್ರೋಲ್ ಕಾರಿಂದು. ಅವು ಮುಂದಿನ ಗಾಲಿ ತಿರುಗಿಸ್ತಾವೆ. ಪಿಕಪ್‌ಗೆ ಹಿಂದಿನ ಗಾಲಿ ತಿರುಗಬೇಕು. ಅಂದ್ರೆ ಹಳೇ ಡೀಸೆಲ್ ಎಸ್‌ಯುವಿದೇ ಹುಡುಕಬೇಕು, ಶಿವಾಜಿನಗರದ ಗುಜರಿಗೇ ಹೋಗಬೇಕು.

ಎರಡು: ಅದರ ಬೋಲ್ಟ್ ತೂತು ನಮ್ಮ ಎಂಜಿನ್ ತೂತಿಗೆ ಕೂರಲ್ಲ. ನಡುವೆ ದಪ್ಪ ಪ್ಲೇಟ್ ಲೇಥ್‌ನಲ್ಲಿ ಮಾಡಿಸಬೇಕು. ಸೆಂಟರ್ ಒಂದು ಕೂದಲೆಳೆ ತಪ್ಪಿದ್ರೂ ಒಳಗಿನ ಎಣ್ಣೆ ಪಂಪ್ ಹೋಯ್ತು.

ಮೂರು: ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲಾಗುತ್ತೆ. ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು.

ನಾಲ್ಕು: ಬಿಸಿ. ಎಣ್ಣೆ ಜಾರಿದಷ್ಟೂ ಕಾಯುತ್ತೆ. ಒಂದೂ ಕಾಲು ಟನ್ ಹೇರಿಕೊಂಡು ಏರು ಹತ್ತುವಾಗ ಇನ್ನೂ ಜಾಸ್ತಿ. ಬೇರೆ ಕೂಲರ್ ಬೇಕು.

ಐದು: ಬುದ್ಧಿ. ಬಿಎಸ್6 ಎಂಜಿನ್ನಿನ ಕಂಪ್ಯೂಟರ್ ಕ್ಲಚ್ ಎಲ್ಲಿ ಅಂತ ಹುಡುಕುತ್ತೆ. ಹಳೇ ಗೇರ್‌ಬಾಕ್ಸಿನ ಭಾಷೆ ಇದಕ್ಕೆ ಬರಲ್ಲ. ಗೊತ್ತಾಗಲಿಲ್ಲ ಅಂದ್ರೆ ಪವರ್ ಕಡಿತ ಮಾಡುತ್ತೆ, ಅದಕ್ಕೆ ಲಿಂಪ್ ಮೋಡ್ ಅಂತ ಹೆಸರು.

"ಲಿಂಪ್ ಅಂದ್ರ ಕುಂಟೋದು," ಅಂದ್ರು ಮೇಸ್ತ್ರಿ. "ನಿಮ್ಮಪ್ಪ ಕುಂಟೋದು ಬಿಟ್ಟು ಗಾಡಿ ಕುಂಟಾಕ ಶುರು ಮಾಡ್ತೈತಿ, ಅಷ್ಟ."

ಭಾಗ 4/6

ಬಿಕಾಂ ಓದೋರು ನಾವು, ಲೆಕ್ಕ ಹಾಕದೇ ಬಿಡೋದಾ? ಮೇಸ್ತ್ರಿ ಬಾಯಲ್ಲೇ ಅಂದಾಜು ಹೇಳಿದ್ರು, ನಾನು ಬರ‍್ಕೊಂಡೆ. ಮೂರನೇ ಫೋಟೊ ಅದೇ ಪುಟ.

ಹಳೇ ಗೇರ್‌ಬಾಕ್ಸ್: 70,000
ಕನ್ವರ್ಟರ್ ಬಿಚ್ಚಿ ರೆಡಿ ಮಾಡಿಸೋದು: 25,000
ಪ್ಲೇಟ್, ಲೇಥ್ ಕೆಲಸ: 20,000
ಶಾಫ್ಟ್: 8,000
ಕೂಲರ್, ಪೈಪು: 7,000
ಕಂಟ್ರೋಲರ್, ವೈರಿಂಗ್: 40,000
ಎಣ್ಣೆ: 6,000
ಕೂಲಿ: 30,000
ಒಟ್ಟು: 2,06,000

ಇದು ಬಿಲ್ಲಿನಲ್ಲಿ ಕಾಣೋದು. ಕಾಣದೇ ಇರೋದು ಆಪರ್ಚುನಿಟಿ ಕಾಸ್ಟ್. ಗಾಡಿ 20 ದಿನ ನಿಂತರೆ, ದಿನಕ್ಕೆ ಕೈಗೆ ಉಳಿಯೋ 1,500ರ ಲೆಕ್ಕದಲ್ಲಿ 30,000. ಒಟ್ಟು 2,36,000. ನಮ್ಮ ಗಾಡಿಗೆ ಇನ್ನೂ 11 ಕಂತು ಬಾಕಿ.

ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಿದೆಯಾ? ಆಸ್ತಿಯ ಸಾಮರ್ಥ್ಯ ಹೆಚ್ಚಿಸೋ ಖರ್ಚು ಕ್ಯಾಪಿಟಲ್ ಖರ್ಚು, ಇದ್ದ ಹಾಗೆ ಇಟ್ಕೊಳ್ಳೋ ಖರ್ಚು ರೆವೆನ್ಯೂ ಖರ್ಚು. ನಾನು ಧೈರ್ಯವಾಗಿ ಕ್ಯಾಪಿಟಲ್ ಅಂತ ಬರೆದೆ. ಅಪ್ಪನ ಮುಂದೆ ಪುಟ ಹಿಡಿದೆ. ಅಪ್ಪ ಪುಟ ನೋಡಲೇ ಇಲ್ಲ. ಡ್ಯಾಶ್‌ಬೋರ್ಡಿಂದ ಆರ್‌ಸಿ ತೆಗೆದು ಕೊಟ್ಟ.

"ಓದು. ಯಾರ ಹೆಸರೈತಿ?"

"ನಿಂದು."

"ಅದರ ಕೆಳಗ?"

ಹೈಪೋಥಿಕೇಶನ್, ಬ್ಯಾಂಕಿನ ಹೆಸರು.

"ಮತ್ತೊಬ್ಬರ ಗಾಡಿಗೆ ನಾವ್ಯಾಕ ಕೈ ಹಾಕೋದಪಾ?"

ಹೈಪೋಥಿಕೇಶನ್ ಅನ್ನೋದನ್ನ ನಾನು ಐದು ಮಾರ್ಕ್ಸಿಗೆ ಬರೆದಿದ್ದೀನಿ. ನಮ್ಮಪ್ಪ ನಾಲ್ಕು ವರ್ಷದಿಂದ ಅದರ ಮೇಲೆ ಕೂತು ಗಾಡಿ ಓಡಿಸ್ತಿದ್ದಾನೆ.

ಭಾಗ 5/6

ಕಾನೂನು ಭಾಗ, ಸ್ವಲ್ಪ ಬೋರ್ ಆಗಬಹುದು, ಆದ್ರೂ ಓದಿ. ನಿಮ್ಮಲ್ಲಿ ಬೈಕಿಗೆ ಏನೇನೋ ಕೂರಿಸಿಕೊಂಡಿರೋರು ಇದೀರಿ, ಹೆಸರು ಹೇಳಲ್ಲ.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ಮಾಲೀಕ ಗಾಡಿ ಬದಲಾಯಿಸೋ ಹಾಗಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಅಂತ ಸೆಕ್ಷನ್ ಬಂತು: ಅನುಮತಿ ಇಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಇಲ್ಲಾ ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲಾ ಎರಡೂ. ಅಂಗವಿಕಲರಿಗಾಗಿ ಮಾರ್ಪಡಿಸಿದ ಗಾಡಿಗೆ ಕಾಯ್ದೆಯಲ್ಲೇ ಜಾಗ ಇದೆ, ಆದ್ರೆ ಅದೂ ಆರ್‌ಟಿಒ ಬಾಗಿಲು ಹಾದೇ ಆಗಬೇಕು, ಗ್ಯಾರೇಜಿನ ಹಿತ್ತಲಿಂದ ಅಲ್ಲ.

ಗೇರ್‌ಬಾಕ್ಸ್ ನಂಬರ್ ಆರ್‌ಸಿಯಲ್ಲಿ ಇರಲ್ಲ, ಚಾಸಿ ನಂಬರ್, ಎಂಜಿನ್ ನಂಬರ್ ಮಾತ್ರ, ಯಾರಿಗೆ ಗೊತ್ತಾಗುತ್ತೆ ಅಂತ ನಾನೂ ಒಂದು ಕ್ಷಣ ಯೋಚಿಸಿದೆ. ಆದ್ರೆ ನಾಳೆ ಎಲ್ಲೋ ಯಾರಿಗೋ ಗುದ್ದಿ, ಇನ್ಶೂರೆನ್ಸಿನವರು ಬಂದು ಗಾಡಿ ಕೆಳಗೆ ಬಗ್ಗಿ ನೋಡಿದ್ರೆ? 11 ಕಂತು ಉಳಿದಿರೋ ಮನೆಗೆ ಆ ಪ್ರಶ್ನೆ ಒಂದೇ ಸಾಕು.

ಕಂಪನಿಯಿಂದಲೇ ಆಟೊಮ್ಯಾಟಿಕ್ ಬರೋ ಡೀಸೆಲ್ ಪಿಕಪ್ ಇಲ್ವಾ? ಇದಾವೆ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್. ಬೆಲೆ 20 ಲಕ್ಷ ದಾಟುತ್ತೆ. ಅದರಲ್ಲಿ ಉಳ್ಳಾಗಡ್ಡಿ ಹೇರಿದ್ರೆ ಉಳ್ಳಾಗಡ್ಡಿನೇ ನಾಚ್ಕೊಳ್ಳುತ್ತೆ.

ಪುಟ ಹರಿದು ಹಾಕಿದೆ. ಫೋಟೊ ಮಾತ್ರ ಉಳಿದಿತ್ತು.

ಭಾಗ 6/6

ಇದನ್ನ ಬರೆಯೋಕೆ ಹದಿನೈದು ದಿನ ಹಿಂದೆಮುಂದೆ ನೋಡಿದೆ.

ಪುಟ ಹರಿದ ವಾರ ಮೇಸ್ತ್ರಿ ಗಾಡಿ ತರಿಸ್ಕೊಂಡ್ರು. ಕ್ಲಚ್ ಪ್ಲೇಟ್ ಸವೆದಷ್ಟೂ ಪೆಡಲ್ ಭಾರ ಆಗುತ್ತಂತೆ, ನಮ್ಮದು ಪೂರ್ತಿ ಸವೆದಿತ್ತು. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಹೊಸದು, ಕ್ಲಚ್ ಎಣ್ಣೆ ಬದಲು, ಕೂಲಿ ಸೇರಿ 14,000. ಸೀಟನ್ನ ಎರಡು ಗುಣಿ ಮುಂದಕ್ಕೆ ಎಳೆದ್ರು. ಗಾಡಿ ಓಡುವಾಗ ಎಡಗಾಲು ಕ್ಲಚ್ ಮೇಲೇ ಇಟ್ಕೊಳ್ಳೋ ಚಟಕ್ಕೆ ಅಪ್ಪನಿಗೆ ಸರಿಯಾಗಿ ಬೈದ್ರು. ಇದು ರೆವೆನ್ಯೂ ಖರ್ಚು, ಗೊತ್ತಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ನಿನಗ ಎಷ್ಟು ವರ್ಷ?" ಅಂದ್ರು.

"ಇಪ್ಪತ್ತು."

"ಎಡಗಾಲು ಆರಾಮೈತೇನು?"

ಅಷ್ಟೇ ಕೇಳಿದ್ದು. ನನಗೆ ಮುಖ ಎತ್ತೋಕೆ ಆಗಲಿಲ್ಲ.

ನಿಜ ಹೇಳ್ತೀನಿ. ನಾಲ್ಕು ತಿಂಗಳು ಅಮೆರಿಕದ ಗೇರ್‌ಬಾಕ್ಸ್ ಓದಿದ ನಾನು, ನಮ್ಮ ಗಾಡಿಯ ಸ್ಟೇರಿಂಗ್ ಹಿಡೀತೀನಿ ಅಂತ ಒಂದು ದಿನಾನೂ ಹೇಳಿರಲಿಲ್ಲ. ಅಪ್ಪ ಓದು ಅಂದಿದ್ದ, ಅದು ನನಗೆ ಒಳ್ಳೆ ನೆಪ ಆಗಿತ್ತು. ಅಸಲಿ ಕಾರಣ ನೀವು. ಫಸ್ಟ್ ಇಯರ್‌ನಲ್ಲಿ ಕಾಲೇಜ್ ಗೇಟ್ ಮುಂದೆ ಅಪ್ಪ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದಾಗ, ಯಾರೋ "ಯಾರಲೇ ಅದು?" ಅಂದ್ರು. ನಾನು "ಗೊತ್ತಿಲ್ಲ" ಅಂದೆ. ಗಾಡಿ ಸ್ವಲ್ಪ ಹೊತ್ತು ನಿಂತು ಹೋಯ್ತು. ಅವತ್ತು ಅಪ್ಪ ತಂದಿದ್ದು ನನ್ನ ಮರೆತುಹೋದ ಹಾಲ್ ಟಿಕೆಟ್. ಆಫೀಸಿನಲ್ಲಿ ಕೊಟ್ಟು ಹೋಗಿದ್ದ. ಮನೆಗೆ ಹೋದಾಗ ಏನೂ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಡ್ರೈವಿಂಗ್ ಸೀಟಲ್ಲಿ ನೀವು ನನ್ನನ್ನ ನೋಡಿಬಿಟ್ರೆ ಅನ್ನೋ ಭಯಕ್ಕೆ ನಾನು ಎರಡು ಲಕ್ಷದ ಗೇರ್‌ಬಾಕ್ಸ್ ಹುಡುಕ್ತಿದ್ದೆ.

ಎಲ್‌ಎಲ್ ಮಾಡಿಸಿದೆ, ತಿಂಗಳಾದ ಮೇಲೆ ಟೆಸ್ಟ್ ಕೊಟ್ಟೆ, ಲೈಸೆನ್ಸ್ ಬಂತು. ನಿಮಗೂ ಉಪಯೋಗ ಆಗಬಹುದು: 7,500 ಕೆಜಿ ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ 6 ನವೆಂಬರ್ 2024ರಂದು ಹೇಳಿದೆ. ನಮ್ಮ ಪಿಕಪ್ ಲೋಡ್ ಸಮೇತ ಅದರ ಅರ್ಧವೂ ಇಲ್ಲ.

ಈಗ ಶನಿವಾರ ರಾತ್ರಿ ಮತ್ತು ಭಾನುವಾರದ ಟ್ರಿಪ್ ನನ್ನದು. ಮೊದಲನೇ ದಿನ ವೇಣುಗೋಪಾಲ ಗುಡಿ ತಿರುವಿನಲ್ಲೇ ಮೂರು ಸಲ ಎಂಜಿನ್ ಆಫ್ ಮಾಡಿದೆ. ಅಪ್ಪ ಪಕ್ಕದ ಸೀಟಲ್ಲಿ ಎಡಗಾಲು ಚಾಚಿ ಕೂತಿದ್ದ. ನಾನು ಪ್ರತಿ ಸಲ ಕ್ಲಚ್ ಒತ್ತುವಾಗ ಖಾಲಿ ನೆಲದ ಮೇಲೆ ಅವನ ಕಾಲೂ ಒತ್ತುತ್ತಿತ್ತು. ದಾವಣಗೆರೆ ಮುಟ್ಟಿದ ಮೇಲೆ ಅಂದ: "ಇನ್ನೂರ ತೊಂಬತ್ತೊಂದು. ನನಗಿಂತ ಕಡಿಮಿ ಒತ್ತಿದಿ."

ಅಂದ್ರೆ ಅವತ್ತು ನಾನು ಎಣಿಸಿದ್ದು ಅವನಿಗೆ ಗೊತ್ತಿತ್ತು.

ಪೂರ್ತಿ ಗುಣ ಆಗಿಲ್ಲ. ವಾರದ ಉಳಿದ ದಿನ ಇನ್ನೂ ಅವನೇ ಓಡಿಸೋದು, ಸಂಜೆ ಮೊಣಕಾಲಿಗೆ ಬಿಸಿ ಕಾವು ತಪ್ಪಿಲ್ಲ. ಕಂತು ಮುಗಿದ ಮೇಲೆ ಏನು ಮಾಡೋದು ಅಂತ ಇಬ್ಬರೂ ಕೂತು ಮಾತಾಡ್ತಿದ್ದೀವಿ.

ಕೊನೇ ಫೋಟೊ ಸೋಮವಾರದ್ದು. ಕಾಲೇಜ್ ಗೇಟ್ ಮುಂದೆ ನಿಂತಿರೋ ಬಿಳಿ ಪಿಕಪ್ ನಮ್ಮದು. ಸ್ಟೇರಿಂಗ್ ಹಿಡಿದಿರೋದು ನಾನು, ಪಕ್ಕದಲ್ಲಿರೋದು ನಮ್ಮಪ್ಪ. ಅವತ್ತು "ಯಾರಲೇ ಅದು" ಅಂತ ಕೇಳಿದೋರಿಗೆ ಇದು ಉತ್ತರ, ಎರಡು ವರ್ಷ ತಡ ಆಯ್ತು.

ನಿಮ್ಮ ಮನೇಲಿ ಗಾಡಿ ಓಡಿಸೋರು ಇದ್ರೆ ಇವತ್ತು ಒಂದು ಸಲ ಬಗ್ಗಿ ಕ್ಲಚ್ ರಬ್ಬರ್ ನೋಡ್ರಿ. ಕಾಮೆಂಟ್ ಹಾಕದಿದ್ರೂ ನಡೀತೈತಿ.

#ಮಾಗಳ #ಹೂವಿನಹಡಗಲಿ #ಪಿಕಪ್ #ಅಪ್ಪ #ಬಿಕಾಂಹುಡುಗ