ಜೈಪುರ ಹೌಸಿನಲ್ಲಿ ಒಂದು ಭಾನುವಾರ

ದಿಲ್ಲಿಯಲ್ಲಿರುವ ನಮ್ಮಂಥ ಗುಮಾಸ್ತರ ಮನೆಗೆ ಊರಿನಿಂದ ಯಾರಾದರೂ ಬಂದರೆ, ಕೆಂಪು ಕೋಟೆ, ಕುತುಬ್ ಮಿನಾರ್, ಬಿರ್ಲಾ ಮಂದಿರಗಳನ್ನು ತೋರಿಸಿದಲ್ಲಿಗೆ ಕರ್ತವ್ಯ ಮುಗಿಯಿತು. ತುಮಕೂರಿನ ಕಡೆಯಿಂದ ಬಂದ ನಮ್ಮ ತಾಯಿಯವರಿಗೂ ಮೊದಲ ವಾರದಲ್ಲಿಯೇ ಇವೆಲ್ಲ ಆದುವು. ಅನಂತರ ಎರಡು ತಿಂಗಳು ಅವರು ಹೆಚ್ಚು ಮಾತಿಲ್ಲದೆ ಕಿಟಕಿಯ ಬಳಿ ಕುಳಿತಿರುತ್ತಿದ್ದರು. ನೆರೆಹೊರೆಯಲ್ಲಿ ಕನ್ನಡವಿಲ್ಲ, ಅವರಿಗೆ ಹಿಂದಿ ಬಾರದು. ಊರಿನ ಮಾತೆತ್ತಿದಾಗಲೆಲ್ಲ ನಾವು “ಮುಂದಿನ ತಿಂಗಳು ನೋಡೋಣ” ಎನ್ನುತ್ತಿದ್ದೆವು.

ಮಗಳ ಶಾಲೆಯಲ್ಲಿ ಚಿತ್ರಕಲೆಯನ್ನು ಕುರಿತು ಬರೆದು ತರಲು ಹೇಳಿದ್ದರು. ಆದ್ದರಿಂದ ಒಂದು ಭಾನುವಾರ ನಾಲ್ವರೂ ಇಂಡಿಯಾ ಗೇಟಿನ ಬಳಿಯ ಜೈಪುರ ಹೌಸಿಗೆ ಹೊರಟೆವು. ಜಯಪುರದ ಮಹಾರಾಜರ ಈ ಗುಮ್ಮಟದ ಮನೆಯಲ್ಲಿ 1954 ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಆರಂಭವಾಯಿತು. 2009 ರಲ್ಲಿ ಹೊಸ ಕಟ್ಟಡವೂ ಸೇರಿತು. ಸೋಮವಾರ ಬಾಗಿಲು ತೆರೆಯುವುದಿಲ್ಲ, ವಾಚಕರು ಗಮನಿಸಬೇಕು.

ರವಿವರ್ಮ, ಅಮೃತಾ ಶೇರ್‌ಗಿಲ್ ಇವರ ಚಿತ್ರಗಳ ಮುಂದೆ ನಮಗೆ ತೊಂದರೆಯಾಗಲಿಲ್ಲ. ಚಿತ್ರದಲ್ಲಿರುವವರು ಯಾರು, ಏನು ಮಾಡುತ್ತಿದ್ದಾರೆ ಎಂದು ಹೇಳಬಹುದು. ವಾಸುದೇವ ಗಾಯ್ತೊಂಡೆಯವರ ಚಿತ್ರದ ಮುಂದೆ ಮಾತ್ರ ನಿಂತುಬಿಟ್ಟೆವು. ಉದ್ದನೆಯ ಬಟ್ಟೆಯ ತುಂಬ ಒಂದೇ ಬೂದುಹಸಿರು. ನಡುವೆ ಅಳಿಸಿದ ಅಕ್ಷರಗಳಂಥ ನಾಲ್ಕಾರು ಗುರುತು. ಹೆಸರೂ ಇಲ್ಲ. “ಇಷ್ಟೇನೆ?” ಎಂದಳು ಮಗಳು.

ಗಾಯ್ತೊಂಡೆಯವರು ನಾಗಪುರದಲ್ಲಿ 1924 ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಕೊನೆಯ ಮೂರು ದಶಕಗಳನ್ನು ದಿಲ್ಲಿಯಲ್ಲಿಯೇ ಕಳೆದು, 2001 ರಲ್ಲಿ ತೀರಿಕೊಂಡರು. ನಿಜಾಮುದ್ದೀನಿನ ಚಿಕ್ಕ ಬಾಡಿಗೆ ಮನೆ. ವರ್ಷಕ್ಕೆ ಕೆಲವೇ ಚಿತ್ರಗಳು. ರೋಲರಿನಿಂದ ಬಣ್ಣದ ಮೇಲೆ ಬಣ್ಣ ಹಚ್ಚುವರು, ಚಾಕುವಿನಿಂದ ಕೆರೆದು ತೆಗೆಯುವರು. ಮೇಲಿನ ತೆಳು ಪದರದ ಮೂಲಕ ಕೆಳಗಿನ ಬಣ್ಣ ಇಣುಕುವುದರಿಂದ ಬೆಳಕು ಒಳಗಿನಿಂದ ಬಂದಂತೆ ತೋರುತ್ತದೆ. ಆದರೆ ಅದು ಅವಸರದ ಕಣ್ಣಿಗೆ ಕಾಣುವುದಿಲ್ಲ. ಐದು ನಿಮಿಷ ನಿಂತ ಮೇಲೆ ಆ ಬೂದುಹಸಿರು ಒಂದೇ ಬಣ್ಣವಲ್ಲವೆಂದು ನಮಗೂ ತಿಳಿಯಿತು.

ಹಿಂತಿರುಗಿ ನೋಡಿದರೆ ತಾಯಿಯವರು ಎದುರಿನ ಬೆಂಚಿನ ಮೇಲೆ ಕುಳಿತಿದ್ದರು. ನಾವು ಉಳಿದ ಕೋಣೆಗಳನ್ನು ಸುತ್ತಿ ಬಂದಾಗಲೂ ಅಲ್ಲಿಯೇ ಇದ್ದರು.

“ಏನು ಕಾಣಿಸಿತಮ್ಮ?” ಎಂದೆವು.

“ಏನೂ ಇಲ್ಲ ಕಣೋ. ಬೆಳಗಿನ ಜಾವ ಜಗಲಿಯ ಮೇಲೆ ಕೂತ ಹಾಗಿತ್ತು. ಇದಕ್ಕೆ ಹಿಂದಿ ಬೇಡವಲ್ಲ!”

ನಾವೆಲ್ಲ ನಕ್ಕೆವು. ಆದರೆ ಬಸ್ಸಿನಲ್ಲಿ ಬರುವಾಗ ಆ ಜಗಲಿ ನಮ್ಮ ಮನಸ್ಸನ್ನು ಬಿಡಲಿಲ್ಲ. ಬಣ್ಣದ ಬಟ್ಟೆಯೊಂದನ್ನು ಅಷ್ಟು ಹೊತ್ತು ನಿಂತು ನೋಡಿದ ನಾವು, ಕಿಟಕಿಯ ಬಳಿ ಎರಡು ತಿಂಗಳಿಂದ ಕುಳಿತವರನ್ನು ಹಾಗೆ ಒಂದು ದಿನವಾದರೂ ನೋಡಿದ್ದೆವೆ?

ಆ ರಾತ್ರಿಯೇ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಟಿಕೆಟು ತೆಗೆದೆವು. ತಾಯಿಯವರಿಗೆ ಹೇಳಿದಾಗ, “ಅವಸರವೇನಿತ್ತು?” ಎಂದರು. ಮರುದಿನ ಬೆಳಗ್ಗೆ ನಾವು ಏಳುವ ಹೊತ್ತಿಗೆ ಅವರ ಪೆಟ್ಟಿಗೆ ಕಟ್ಟಿ ಮುಗಿದಿತ್ತು.