ಸಿಡ್ಲಫಡಿಯ ಕಮಾನು

ಧಾರವಾಡದಿಂದ ಬಾದಾಮಿಗೆ ನಾನು ಹೋದದ್ದೆಲ್ಲ ಶಾಸನ, ಶಿಲ್ಪಗಳ ಸಲುವಾಗಿಯೇ. ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನ, ನಾಲ್ಕನೆಯದರಲ್ಲಿ ಪಾರ್ಶ್ವನಾಥ, ಬಾಹುಬಲಿ. ಮುಂದೆ ಐಹೊಳೆಯ ಮೇಗುತಿ. ಸಮೀಪದ ಸಿಡ್ಲಫಡಿಯನ್ನು ಮಾತ್ರ ನೋಡಿರಲಿಲ್ಲ. ಕಳೆದ ಮಾಘದಲ್ಲಿ ಕುರುಚಲು ಕಾಡಿನ ಕಾಲುದಾರಿ ಹಿಡಿದು ಅಲ್ಲಿಗೆ ನಡೆದೆ.

ಮರಳುಗಲ್ಲಿನ ಎರಡು ಹೆಬ್ಬಂಡೆಗಳ ನಡುವೆ ನಿಸರ್ಗವೇ ಕಟ್ಟಿದ ಕಮಾನು. ಸಿಡಿಲು ಬಡಿದು ಬಂಡೆ ತೂತಾಯಿತೆಂಬುದು ಜನರ ನಂಬಿಕೆ, ಹೆಸರೂ ಅದರಿಂದಲೇ. ಮರಳುಗಲ್ಲನ್ನು ಸವೆಸುವುದಾದರೋ ಮಳೆ, ಗಾಳಿ, ಬಿಸಿಲು. ಅದರ ಆಸರೆಯಲ್ಲಿ ಪ್ರಾಗೈತಿಹಾಸಿಕ ಕಾಲದ ವರ್ಣಚಿತ್ರಗಳಿವೆ. ಬರೆದವರ ಹೆಸರಿಲ್ಲ.

ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿಯು ತನ್ನನ್ನು ಕಾಳಿದಾಸ, ಭಾರವಿಯರಿಗೆ ಸಮನೆಂದು ಸಾರಿಕೊಂಡದ್ದನ್ನು ಎಷ್ಟೋ ಸಲ ಮೆಚ್ಚಿ ಪಾಠ ಹೇಳಿದ್ದೇನೆ. ಆ ನೆರಳಿನಲ್ಲಿ ಕುಳಿತಾಗ ನೆನಪಾದದ್ದು ನನ್ನದೇ ಜಗಳ. ಮಿತ್ರರೊಬ್ಬರೊಡನೆ ಸಂಪಾದಿಸಿದ ಗ್ರಂಥದ ಮೇಲೆ ಯಾರ ಹೆಸರು ಮೊದಲಿರಬೇಕೆಂಬ ವಾದದಿಂದ ನಮ್ಮಿಬ್ಬರ ಮಾತು ನಿಂತು ಎರಡು ವರ್ಷವಾಗಿತ್ತು.

ಮೊಣಕಾಲು ನೋಯುತ್ತಿದ್ದುದರಿಂದ ನಿಧಾನವಾಗಿ ಹಿಂದಿರುಗಿದೆ. ಬಾದಾಮಿಯ ಬಸ್ ನಿಲ್ದಾಣದಿಂದಲೇ ಅವರಿಗೆ ಫೋನು ಮಾಡಿ, “ನಿಮ್ಮ ಹೆಸರೇ ಮೊದಲಿರಲಿ” ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೊಣಕಾಲು ಹ್ಯಾಂಗದರೀ ಈಗ?” ಎಂದು ಕೇಳಿದರು.